ಬ್ರಿಟನ್ನಿನ ಕೆಂಪು ಟೆಲಿಫೋನ್ ಬೂತ್: ಗುರುತು ಹಿಡಿಯುವುದರಿಂದ ಬಣ್ಣ ಬಳಿಯುವ ತನಕ ಸಮಗ್ರ ಮಾರ್ಗದರ್ಶಿ

ಲಂಡನ್‌ಗೆ ಹೋಗಿ ಬಂದವರ ಮೊಬೈಲ್‌ನಲ್ಲಿ ಕೆಂಪು ಟೆಲಿಫೋನ್ ಬೂತ್‌ನ ಫೋಟೋ ಒಂದಾದರೂ ಇರುತ್ತದೆ. ಬಾಗಿಲು ಅರ್ಧ ತೆಗೆದು, ಹಿಂದೆ ಬಿಗ್ ಬೆನ್ ಕಾಣುವ ಹಾಗೆ ನಿಂತು ತೆಗೆಸಿಕೊಂಡದ್ದು. ಫೋಟೋ ಖಂಡಿತ ತೆಗೆಸಿಕೊಳ್ಳಿ. ಆಮೇಲೆ ಅಲ್ಲೇ ಇನ್ನೊಂದು ಐದು ನಿಮಿಷ ನಿಲ್ಲಿ. ಆ ಬೂತ್ ಯಾವ ಮಾದರಿ, ಯಾರ ಆಳ್ವಿಕೆಯ ಕಾಲದ್ದು, ಯಾವ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು ಎಂದು ನೀವೇ ಹೇಳಬಹುದು. ಗೈಡ್ ಬೇಕಿಲ್ಲ, ಎಲ್ಲ ಗುರುತೂ ಕಬ್ಬಿಣದ ಮೇಲೇ ಇದೆ. ಎಲ್ಲಿ ನೋಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಬ್ರಿಟನ್ನಿಗೆ ಪ್ರವಾಸ ಹೊರಟವರಿಗೂ ಅಲ್ಲೇ ನೆಲೆಸಿರುವ ಕನ್ನಡಿಗರಿಗೂ ಆಗಲಿ ಎಂದು ಇದನ್ನು ಬರೆದಿದ್ದೇನೆ. ಮೊದಲ ಭಾಗ ಗುರುತು ಹಿಡಿಯುವುದರ ಬಗ್ಗೆ. ಕೊನೆಯ ಭಾಗ, ನಿಮ್ಮ ಹಳ್ಳಿಯ ಬೂತ್ ಉಳಿಸಿಕೊಳ್ಳಬೇಕು ಅಂದರೆ ಏನು ಮಾಡಬೇಕು ಅನ್ನುವುದರ ಬಗ್ಗೆ.

ಶುರು ಮಾಡುವ ಮುಂಚೆ: ಕೆ1ರಿಂದ ಕೆ8ರ ತನಕ

ಈ ಬೂತ್‌ಗಳನ್ನು ಮಾಡಿಸಿದ್ದು ಬ್ರಿಟನ್ನಿನ ಅಂಚೆ ಇಲಾಖೆ. ಆಗ ಟೆಲಿಫೋನ್ ಕೂಡ ಅವರದೇ. ಪ್ರತಿ ಮಾದರಿಗೂ ಒಂದು ನಂಬರ್ ಕೊಟ್ಟರು. ಕಿಯಾಸ್ಕ್ ನಂಬರ್ 1 ಅಂದರೆ ಕೆ1, ಹಾಗೇ ಕೆ2, ಕೆ3.

1920ರ ದಶಕದ ಆರಂಭದಲ್ಲಿ ಬಂದ ಕೆ1 ಕಾಂಕ್ರೀಟಿನದು. ಮರದ ಬಾಗಿಲು, ನೆತ್ತಿಯ ಮೇಲೆ ಈಟಿಯಂಥ ಮೊನೆ. ಇದು ಲಂಡನ್ನಿನ ಸ್ಥಳೀಯ ಆಡಳಿತಗಳಿಗೆ ಹಿಡಿಸಲಿಲ್ಲ. ನಮ್ಮ ಬೀದಿಯಲ್ಲಿ ಇಂಥದ್ದು ಬೇಡ ಅಂದರು. ಹಾಗಾಗಿ 1924ರಲ್ಲಿ ರಾಯಲ್ ಫೈನ್ ಆರ್ಟ್ ಕಮಿಷನ್ ಮೂಲಕ ಒಂದು ಸ್ಪರ್ಧೆ ನಡೆಯಿತು. ಹೆಸರಾಂತ ವಾಸ್ತುಶಿಲ್ಪಿಗಳನ್ನು ಕರೆದರು. ಗೆದ್ದವರು ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್. ಲಿವರ್‌ಪೂಲ್‌ನ ಆಂಗ್ಲಿಕನ್ ಕೆಥೆಡ್ರಲ್ ಅವರದು. ಮುಂದೆ ಬ್ಯಾಟರ್‌ಸೀ ಪವರ್ ಸ್ಟೇಷನ್ನಿನ ಹೊರ ರೂಪವನ್ನೂ ಅವರೇ ಕೊಟ್ಟರು. ಇಂದು ಟೇಟ್ ಮಾಡರ್ನ್ ಗ್ಯಾಲರಿ ಇರುವ ಬ್ಯಾಂಕ್‌ಸೈಡ್ ಪವರ್ ಸ್ಟೇಷನ್ ಕೂಡ ಅವರ ವಿನ್ಯಾಸವೇ. ಕೆಥೆಡ್ರಲ್ ಕಟ್ಟುವ ಕೈ ಮೂರಡಿ ಅಗಲದ ಪೆಟ್ಟಿಗೆಗೂ ಅಷ್ಟೇ ಮನಸ್ಸು ಕೊಟ್ಟಿದೆ. ಈ ಬೂತ್‌ಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಮುಖ್ಯವಾಗಿ ಅದಕ್ಕೇ.

ಸ್ಕಾಟ್ ಹೇಳಿದ್ದು ಉಕ್ಕಿನ ಬೂತ್ ಮಾಡಿ, ಹೊರಗೆ ಬೆಳ್ಳಿ ಬಣ್ಣ ಬಳಿಯಿರಿ, ಒಳಗೆ ಹಸಿರು ಬೆರೆತ ನೀಲಿ ಇರಲಿ ಎಂದು. ಅಂಚೆ ಇಲಾಖೆ ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯಿಸಿ ಕೆಂಪು ಬಳಿಸಿತು. ಇವತ್ತು ಇಡೀ ಜಗತ್ತು ಬ್ರಿಟನ್ನಿನ ಗುರುತು ಅನ್ನುವ ಆ ಕೆಂಪು, ಹೀಗೆ ವಿನ್ಯಾಸಕಾರ ಬಯಸಿದ್ದೇ ಅಲ್ಲ.

ಬೀದಿಯಲ್ಲಿ ನಿಮಗೆ ಸಿಗುವುದು ಬಹುತೇಕ ಎರಡೇ ಮಾದರಿ. 1926ರಲ್ಲಿ ಬಂದ ಕೆ2 ಮತ್ತು 1936ರಿಂದ ಬಂದ ಕೆ6. ಎರಡೂ ಸ್ಕಾಟ್ ಅವರದೇ. ಕೆ2 ಸುಮಾರು 1,700 ಮಾತ್ರ ತಯಾರಾದವು, ಅವೂ ಹೆಚ್ಚುಕಡಿಮೆ ಎಲ್ಲ ಲಂಡನ್ನಿನಲ್ಲೇ. ತೂಕ ಜಾಸ್ತಿ, ಖರ್ಚೂ ಜಾಸ್ತಿ, ಹಾಗಾಗಿ ಊರೂರಿಗೆ ಸಾಗಿಸಿ ನಿಲ್ಲಿಸುವುದು ಕಷ್ಟವಾಗಿತ್ತು. 1935ರಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟದ ಬೆಳ್ಳಿಹಬ್ಬ ಬಂತು. ಆ ನೆಪದಲ್ಲಿ ಸ್ಕಾಟ್ ಅದನ್ನೇ ಚಿಕ್ಕದು ಮಾಡಿ, ಹಗುರ ಮಾಡಿ ಕೆ6 ಕೊಟ್ಟರು. ಅಂಚೆ ಕಚೇರಿ ಇರುವ ಪ್ರತಿ ಹಳ್ಳಿಗೂ ಒಂದು ಬೂತ್ ಎಂದು ಇಲಾಖೆ ಮಾತು ಕೊಟ್ಟಿತು. ಬೆಟ್ಟದ ತಪ್ಪಲಿನ ಪುಟ್ಟ ಊರಿನಲ್ಲೂ ಇವತ್ತು ಕೆಂಪು ಬೂತ್ ಕಾಣುವುದು ಆ ಮಾತಿನಿಂದ. 1968ರ ಹೊತ್ತಿಗೆ ಕೆ6 ಸುಮಾರು 60,000 ತಯಾರಾಗಿದ್ದವು.

ಹೆಜ್ಜೆ 1: ಗಾಜು ಎಣಿಸಿ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ರಸ್ತೆಯ ಆಚೆ ಬದಿಯಿಂದಲೇ ಮಾಡಬಹುದು.

ಬಾಗಿಲಿನ ಮೇಲೆ ಗಾಜಿನ ಸಾಲು ಎಷ್ಟಿವೆ ನೋಡಿ. ಆರು ಸಾಲು ಇದ್ದು, ಒಂದೊಂದು ಸಾಲಿನಲ್ಲಿ ಮೂರೂ ಗಾಜು ಒಂದೇ ಅಳತೆಯವಾದರೆ ಅದು ಕೆ2. ಎಂಟು ಸಾಲು ಇದ್ದು, ನಡುವಿನ ಗಾಜು ಅಗಲ, ಅಕ್ಕಪಕ್ಕದವು ಕಿರಿದು ಆಗಿದ್ದರೆ ಕೆ6. ಬಾಗಿಲು ಮತ್ತು ಎರಡು ಪಕ್ಕ ಹೀಗೆ ಮೂರು ಬದಿಗೆ ಗಾಜು, ಹಿಂಬದಿ ಮುಚ್ಚಿದ್ದು. ಫೋನ್ ಕೂರುತ್ತಿದ್ದದ್ದು ಆ ಮುಚ್ಚಿದ ಗೋಡೆಗೆ.

ಚಿಕ್ಕ ಚಿಕ್ಕ ಗಾಜು ಹಾಕಿದ್ದು ಅಂದಕ್ಕೆ ಮಾತ್ರ ಅಲ್ಲ. ಒಂದು ಒಡೆದರೆ ಅದನ್ನಷ್ಟೇ ಬದಲಿಸಬಹುದು. ಇನ್ನು ಕೆ6ರ ನಡುವಿನ ಅಗಲ ಗಾಜಿನಿಂದ ಒಳಗೆ ಬೆಳಕು ಚೆನ್ನಾಗಿ ಬರುತ್ತದೆ, ಒಳಗೆ ಯಾರಾದರೂ ಇದ್ದಾರಾ ಅನ್ನುವುದೂ ಹೊರಗಿನವರಿಗೆ ಬೇಗ ತಿಳಿಯುತ್ತದೆ.

ಗಾಜಿನ ಸಾಲುಗಳೇ ಇಲ್ಲ, ಬದಿಗೆ ಒಂದೊಂದೇ ದೊಡ್ಡ ಗಾಜು ಇದೆ ಅಂದರೆ ನಿಮಗೆ ಅದೃಷ್ಟ ಒಲಿದಿದೆ. ಅದು 1968ರಲ್ಲಿ ಬಂದ, ಬ್ರೂಸ್ ಮಾರ್ಟಿನ್ ವಿನ್ಯಾಸ ಮಾಡಿದ ಕೆ8. ಸಾವಿರಾರು ನಿಲ್ಲಿಸಿದ್ದರು. ಈಗ ಬೀದಿಯಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.

ಹೆಜ್ಜೆ 2: ಕಿರೀಟ ನೋಡಿ, ಕಾಲ ಹೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಇಡೀ ಬೂತ್‌ನಲ್ಲಿ ಅತಿ ಹೆಚ್ಚು ಕಥೆ ಇರುವುದು ಈ ಅಂಗೈ ಅಗಲದ ಜಾಗದಲ್ಲಿ.

ಗುಮ್ಮಟದ ಕೆಳಗೆ ನಾಲ್ಕೂ ಬದಿಗೆ ಒಂದೊಂದು ಕಿರೀಟ ಇರುತ್ತದೆ. ಮೊದಲು ಅದರಲ್ಲಿ ತೂತು ಇದೆಯಾ ನೋಡಿ. ಕೆ2ರ ಕಿರೀಟದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಒಳಗಿನ ಬಿಸಿ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು. ರಾಜಮುದ್ರೆಯನ್ನೇ ಗವಾಕ್ಷಿ ಮಾಡಿದ ಜಾಣತನ ಅದು. ಕೆ6ರಲ್ಲಿ ಕಿರೀಟ ಬರೀ ಉಬ್ಬು ಕೆತ್ತನೆ. ಗಾಳಿಗೆ ಟೆಲಿಫೋನ್ ಎಂದು ಬರೆದ ಬೋರ್ಡಿನ ಕೆಳಗೆ ಬೇರೆ ಸೀಳು ಬಿಟ್ಟಿದ್ದಾರೆ.

ಈಗ ಕಿರೀಟದ ಮೇಲಿನ ಕಮಾನು ಗಮನಿಸಿ. ಅದು ತಗ್ಗಿಲ್ಲದೆ ದುಂಡಗೆ ಏರಿ ಇಳಿದಿದ್ದರೆ ಟ್ಯೂಡರ್ ಕಿರೀಟ. ಅಂದರೆ ದೊರೆಗಳ ಕಾಲ, 1953ಕ್ಕಿಂತ ಹಿಂದಿನದು. ಕಮಾನು ನಡುವೆ, ಗೋಳದ ಕೆಳಗೆ, ತಗ್ಗಾಗಿದ್ದರೆ ಅದು ಸೇಂಟ್ ಎಡ್ವರ್ಡ್ ಕಿರೀಟ. ಎರಡನೇ ಎಲಿಜಬೆತ್ ರಾಣಿ ಆರಿಸಿಕೊಂಡದ್ದು ಇದನ್ನು. 1953ರಿಂದ ಈಚಿನ ಬೂತ್‌ಗಳಲ್ಲಿ ಇದೇ ಇರುತ್ತದೆ. ದಪ್ಪ ಬಣ್ಣ ಕೂತಿದ್ದರೆ ತಗ್ಗು ಮುಚ್ಚಿಹೋಗಿರುತ್ತದೆ. ಆಗ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತು, ಸಂಜೆ ಹೊತ್ತು ಇದಕ್ಕೆ ಒಳ್ಳೆಯದು.

ಸ್ಕಾಟ್ಲೆಂಡಿನಲ್ಲಿ ಇದ್ದೀರಾ? ಹಾಗಾದರೆ ಮೂರನೆಯ ಕಿರೀಟವೂ ಸಿಗಬಹುದು. ಇಂಗ್ಲೆಂಡಿನ ಮೊದಲ ಎಲಿಜಬೆತ್ ಸ್ಕಾಟ್ಲೆಂಡನ್ನು ಆಳಿರಲೇ ಇಲ್ಲ. ಹೊಸ ರಾಣಿಯನ್ನು ಎರಡನೆಯವಳು ಅನ್ನುವುದು ಅಲ್ಲಿ ಅನೇಕರಿಗೆ ಸಿಟ್ಟು ತಂದಿತ್ತು. ಆ ಗುರುತು ಹೊತ್ತ ಎಡಿನ್‌ಬರೋದ ಒಂದು ಅಂಚೆ ಪೆಟ್ಟಿಗೆಯನ್ನು 1953ರಲ್ಲಿ ಸ್ಫೋಟಿಸಿಯೇಬಿಟ್ಟರು. ಮುಂದೆ 1955ರಿಂದ ಅಲ್ಲಿನ ಹೊಸ ಬೂತ್‌ಗಳಿಗೆ ಸ್ಕಾಟ್ಲೆಂಡಿನದೇ ಕಿರೀಟ ಬಂತು. ಎರಡು ದೇಶಕ್ಕೆ ಎರಡು ಅಚ್ಚು ಮಾಡುವ ಬದಲು ಕಿರೀಟದ ಜಾಗದಲ್ಲಿ ಒಂದು ಆಯತದ ಕಂಡಿ ಬಿಟ್ಟು, ಬೇಕಾದ ಕಿರೀಟದ ತಗಡನ್ನು ಒಳಗಿನಿಂದ ಕೂರಿಸಿದರು. ಹಾಗಾಗಿ ಕಿರೀಟದ ಸುತ್ತ ತೆಳ್ಳನೆಯ ಆಯತದ ಗೆರೆ ಕಂಡರೆ ಆ ಬೂತ್ 1955ರ ಆಸುಪಾಸಿನದು ಅಥವಾ ಈಚಿನದು ಎಂದು ಹೇಳಬಹುದು.

ಒಂದು ಎಚ್ಚರಿಕೆ. ರಿಪೇರಿ ಮಾಡುವಾಗ ಒಂದರ ತಲೆ ಇನ್ನೊಂದಕ್ಕೆ ಕೂರಿಸಿರುವುದುಂಟು. ನಾಲ್ಕೂ ಬದಿಯ ಕಿರೀಟ ಒಂದೇ ಥರ ಇದೆಯಾ ಎಂದು ಸುತ್ತು ಹಾಕಿ ನೋಡಿ. ಕಿರೀಟವೊಂದನ್ನೇ ನಂಬಿ ಕಾಲ ಹೇಳಬೇಡಿ.

ಹೆಜ್ಜೆ 3: ಗುಮ್ಮಟ ಮತ್ತು ಬಾಗಿಲ ಚೌಕಟ್ಟು

ತಲೆ ಎತ್ತಿ ಗುಮ್ಮಟ ನೋಡಿ. ನಾಲ್ಕು ಕಡೆ ಬಾಗಿದ ಕಮಾನು, ಅವುಗಳ ನಡುವೆ ಮೇಲೆದ್ದ ತಗ್ಗು ಗುಮ್ಮಟ. ಇದಕ್ಕೆ ಸ್ಫೂರ್ತಿ ಒಂದು ಸಮಾಧಿ ಎಂದು ಹೇಳುತ್ತಾರೆ. ವಾಸ್ತುಶಿಲ್ಪಿ ಸರ್ ಜಾನ್ ಸೋನ್ ಅವರ ಹೆಂಡತಿ 1815ರಲ್ಲಿ ತೀರಿಕೊಂಡರು. ಸೋನ್ ಆಕೆಗಾಗಿ ಒಂದು ಸಮಾಧಿ ಕಟ್ಟಿಸಿದರು. ಅದು ಸೇಂಟ್ ಪ್ಯಾಂಕ್ರಸ್ ಹಳೆಯ ಚರ್ಚಿನ ಅಂಗಳದಲ್ಲಿ ಇಂದಿಗೂ ಇದೆ. ಸ್ಕಾಟ್ ಸೋನ್ ಮ್ಯೂಸಿಯಂನ ಟ್ರಸ್ಟಿ ಕೂಡ ಆಗಿದ್ದವರು. ಸಮಾಧಿಯ ಮಾಡು ನೋಡಿ, ಆಮೇಲೆ ಒಂದು ಬೂತ್ ನೋಡಿ. ಹೋಲಿಕೆ ಥಟ್ಟನೆ ಕಾಣುತ್ತದೆ.

ಗುಮ್ಮಟದಿಂದ ಒಂದು ಉಪಯೋಗವೂ ಇದೆ. ಬ್ರಿಟನ್ನಿನ ಜಿಟಿಜಿಟಿ ಮಳೆ ಮೇಲೆ ನಿಲ್ಲದೆ ಜಾರಿಹೋಗುತ್ತದೆ.

ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ. ಉದ್ದಕ್ಕೂ ಸಾಲು ಗೆರೆಗಳು ಕೈಗೆ ಸಿಕ್ಕರೆ ಕೆ2. ನುಣುಪಾಗಿದ್ದರೆ ಕೆ6. ಖರ್ಚು ತಗ್ಗಿಸಲು ಸ್ಕಾಟ್ ಆ ಗೆರೆಗಳನ್ನು ಕೈಬಿಟ್ಟರು. ಎತ್ತರದಲ್ಲೂ ವ್ಯತ್ಯಾಸ ಇದೆ. ಕೆ2 ಒಂಬತ್ತು ಅಡಿ ದಾಟುತ್ತದೆ, ಕೆ6 ಎಂಟು ಅಡಿ ಚಿಲ್ಲರೆ. ತೂಕ ನೋಡಿದರೆ ಕೆ2 ಒಂದು ಟನ್ನಿಗಿಂತ ಜಾಸ್ತಿ, ಕೆ6 ಮುಕ್ಕಾಲು ಟನ್ನಿನ ಹತ್ತಿರ.

ಹೆಜ್ಜೆ 4: ಹಿಂದೆ ಹೋಗಿ ಬಗ್ಗಿ

ಫೋಟೋ ತೆಗೆಯುವವರು ಯಾರೂ ಬೂತ್‌ನ ಹಿಂದೆ ಹೋಗುವುದಿಲ್ಲ. ನೀವು ಹೋಗಿ. ಹಿಂಬದಿಯಲ್ಲಿ, ನೆಲಕ್ಕೆ ಹತ್ತಿರ, ತಯಾರಕರ ಹೆಸರಿನ ಫಲಕ ಇರುವ ಸಾಧ್ಯತೆ ಇದೆ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಹತ್ತಿರದ ಕ್ಯಾರನ್, ಕರ್ಕಿಂಟಿಲಾಕ್‌ನ ಲಯನ್ ಫೌಂಡ್ರಿ, ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಅವರ ಸಾರಸನ್ ಫೌಂಡ್ರಿ ಇವು ಸಾಮಾನ್ಯವಾಗಿ ಕಾಣುವ ಹೆಸರುಗಳು. ಇಂಗ್ಲೆಂಡಿನ ಗುರುತು ಎಂದು ಕರೆಯುವ ಎಷ್ಟೋ ಬೂತ್‌ಗಳು ಹುಟ್ಟಿದ್ದು ಸ್ಕಾಟ್ಲೆಂಡಿನ ಕುಲುಮೆಗಳಲ್ಲಿ! ಗೋಡೆಗೆ ತಾಗಿಸಿ ನಿಲ್ಲಿಸಿದ್ದರೆ ಮೊಬೈಲ್ ಮಾತ್ರ ಸಂದಿಗೆ ತೂರಿಸಿ ಫೋಟೋ ತೆಗೆಯಿರಿ.

ಹೆಜ್ಜೆ 5: ಒಳಗೆ ಹೋಗಿ

ಬಾಗಿಲು ಎಳೆದಾಗಲೇ ಭಾರ ಗೊತ್ತಾಗುತ್ತದೆ. ಮೈಯೆಲ್ಲ ಕಬ್ಬಿಣವಾದರೂ ಬಾಗಿಲಿನ ಚೌಕಟ್ಟು ತೇಗದ ಮರದ್ದು. ಮಳೆ, ಚಳಿಗೆ ಉಬ್ಬಿ ಸೊಟ್ಟಗಾಗದ ಮರ ಬೇಕಿತ್ತು, ತೇಗಕ್ಕಿಂತ ಒಳ್ಳೆಯದು ಯಾವುದಿದೆ? ಬಣ್ಣ ಎದ್ದ ಕಡೆ ಮರದ ಎಳೆ ಕಾಣಿಸುತ್ತದೆ.

ಈಗ ಒಳಗೆ ಹಳೆಯ ಫೋನ್ ಸಿಗುವುದು ಮ್ಯೂಸಿಯಂಗಳಲ್ಲಿ ಮಾತ್ರ. ಅಲ್ಲಿ ಎ ಮತ್ತು ಬಿ ಎಂಬ ಎರಡು ಗುಂಡಿ ಇರುವ ಕಬ್ಬಿಣದ ಹಣದ ಪೆಟ್ಟಿಗೆ ಕಂಡರೆ ಅದು 1920ರ ದಶಕದಿಂದ ಬಳಕೆಯಲ್ಲಿದ್ದ ವ್ಯವಸ್ಥೆ. ಕಾಸು ಹಾಕಬೇಕು, ನಂಬರ್ ತಿರುಗಿಸಬೇಕು. ಆಚೆಯವರು ಎತ್ತಿದರೆ ಎ ಒತ್ತಬೇಕು. ಆಗ ಕಾಸು ಪೆಟ್ಟಿಗೆಗೆ ಬಿದ್ದು ನಿಮ್ಮ ಮಾತು ಅವರಿಗೆ ಕೇಳುತ್ತದೆ. ಯಾರೂ ಎತ್ತದಿದ್ದರೆ ಬಿ ಒತ್ತಿದರೆ ಕಾಸು ವಾಪಸ್.

ಹೆಜ್ಜೆ 6: ಕೆಂಪಲ್ಲದಿದ್ದರೆ ಗಾಬರಿ ಬೇಡ

ಹಲ್ ಊರಿನ ಬೂತ್‌ಗಳು ಕೆನೆ ಬಣ್ಣದವು. ಕಿರೀಟವೂ ಇರುವುದಿಲ್ಲ. ಅಲ್ಲಿ ಟೆಲಿಫೋನ್ ನಡೆಸುತ್ತಿದ್ದದ್ದು ಅಂಚೆ ಇಲಾಖೆ ಅಲ್ಲ, ಊರಿನ ನಗರಸಭೆ. ರಾಜನ ಇಲಾಖೆ ಅಲ್ಲದ ಮೇಲೆ ರಾಜನ ಕಿರೀಟ ಯಾಕೆ, ಅಲ್ವಾ? ಅದೇ ಊರಿನ ಟ್ರಿನಿಟಿ ಮಾರ್ಕೆಟ್‌ನಲ್ಲಿ ಅಪರೂಪದ ಒಂದು ಕೆ1 ಕೂಡ ಇದೆ.

ಗುಡ್ಡಗಾಡಿನ ಚೆಂದದ ಜಾಗಗಳಲ್ಲಿ ಕೆಂಪು ಕಣ್ಣಿಗೆ ರಾಚುತ್ತದೆ ಎಂದು ಜನ ತಕರಾರು ಮಾಡಿದರು. ಅಂಥ ಕಡೆ ಬೂತ್‌ಗೆ ಬೂದು ಬಣ್ಣ ಬಳಿದು ಗಾಜಿನ ಪಟ್ಟಿಗಳಿಗೆ ಮಾತ್ರ ಕೆಂಪು ಬಿಟ್ಟರು. 1929ರ ಕೆ3 ಕಾಂಕ್ರೀಟಿನದು, ತಿಳಿ ಬಣ್ಣದ್ದು. ಲಂಡನ್ ಮೃಗಾಲಯದ ಗಿಳಿ ಮನೆಯ ಹತ್ತಿರ ಒಂದು ಉಳಿದಿದೆ. 1927ರ ಕೆ4 ಇನ್ನೂ ವಿಚಿತ್ರ. ಫೋನ್, ಅಂಚೆ ಪೆಟ್ಟಿಗೆ, ಸ್ಟಾಂಪ್ ಮಾರುವ ಯಂತ್ರ ಎಲ್ಲ ಒಂದರಲ್ಲೇ. ಯಂತ್ರದ ಸದ್ದಿಗೆ ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲ, ತೇವಕ್ಕೆ ಸ್ಟಾಂಪುಗಳು ಅಂಟಿಕೊಳ್ಳುತ್ತಿದ್ದವು. ಐವತ್ತಕ್ಕೇ ನಿಂತುಹೋಯಿತು. ವಾರಿಂಗ್ಟನ್‌ನಲ್ಲಿ ಒಂದು ನೋಡಬಹುದು.

ಹೆಜ್ಜೆ 7: ಲಂಡನ್ನಿನಲ್ಲಿ ಅರ್ಧ ದಿನದ ನಡಿಗೆ

ಬೆಳಿಗ್ಗೆ ಸೇಂಟ್ ಪ್ಯಾಂಕ್ರಸ್ ಹಳೆಯ ಚರ್ಚಿನಿಂದ ಶುರು ಮಾಡಿ. ಸೋನ್ ಸಮಾಧಿ ನೋಡಿದ ಮೇಲೆ ಟ್ಯೂಬ್ ಹಿಡಿದು ಕೋವೆಂಟ್ ಗಾರ್ಡನ್‌ಗೆ ಬನ್ನಿ. ರಾಯಲ್ ಆಪೆರಾ ಹೌಸ್ ಎದುರಿನ ಬ್ರಾಡ್ ಕೋರ್ಟ್ ಎಂಬ ಓಣಿಯಲ್ಲಿ ಕೆ2ಗಳು ಸಾಲಾಗಿ ನಿಂತಿವೆ. ಕಿರೀಟದ ತೂತು, ಚೌಕಟ್ಟಿನ ಗೆರೆ ಎಲ್ಲವನ್ನೂ ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಫೋಟೋಕ್ಕೂ ಅಷ್ಟೇ.

ಅಲ್ಲಿಂದ ಪಿಕಾಡಿಲಿಯ ಬರ್ಲಿಂಗ್ಟನ್ ಹೌಸ್. ರಾಯಲ್ ಅಕಾಡೆಮಿ ಇರುವ ಕಟ್ಟಡ ಇದು. ಹೆಬ್ಬಾಗಿಲ ಕಮಾನಿನ ಕೆಳಗೆ ಒಂದು ಬೂತ್ ಇದೆ. ಸಾವಿರಾರು ಜನ ಅದನ್ನು ದಾಟಿ ಚಿತ್ರ ಪ್ರದರ್ಶನ ನೋಡಲು ಒಳಗೆ ಹೋಗುತ್ತಾರೆ. ಅದು 1924ರ ಸ್ಪರ್ಧೆಗೆ ಸ್ಕಾಟ್ ಮಾಡಿಸಿದ ಮೂಲ ಮಾದರಿ. ಕಬ್ಬಿಣ ಅಲ್ಲ, ಮರ! ಎಲ್ಲ ಕೆಂಪು ಬೂತ್‌ಗಳ ಹಿರಿಯಕ್ಕ ಬೀದಿಯ ಪಕ್ಕದಲ್ಲೇ ಇದ್ದಾಳೆ. ದಯವಿಟ್ಟು ತಪ್ಪಿಸಬೇಡಿ.

ಕೊನೆಗೆ ವೆಸ್ಟ್‌ಮಿನ್‌ಸ್ಟರ್. ಬಿಗ್ ಬೆನ್ ಫೋಟೋಕ್ಕೆ ಇಲ್ಲಿ ಜನ ಸಾಲು ನಿಂತಿರುತ್ತಾರೆ, ಬೆಳಿಗ್ಗೆ ಬೇಗ ಬಂದರಷ್ಟೇ ಆರಾಮ. ಸಮಯ ಇದ್ದರೆ ಸೇತುವೆ ದಾಟಿ ಬಲಕ್ಕೆ ತಿರುಗಿ ನದಿ ದಂಡೆ ಹಿಡಿದು ನಡೆಯಿರಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಅದೇ ದಂಡೆಯಲ್ಲಿ ಇನ್ನೂ ಮುಂದೆ ಹೋದರೆ ಸ್ಕಾಟ್ ಅವರ ಬ್ಯಾಟರ್‌ಸೀ ಪವರ್ ಸ್ಟೇಷನ್.

ಲಂಡನ್ ಹೊರಗೆ ಒಂದೇ ಜಾಗಕ್ಕೆ ಹೋಗುವಷ್ಟು ಪುರುಸೊತ್ತು ಇದ್ದರೆ ವುಸ್ಟರ್‌ಶೈರ್‌ನ ಬ್ರೋಮ್ಸ್‌ಗ್ರೋವ್ ಹತ್ತಿರದ ಏವನ್‌ಕ್ರಾಫ್ಟ್ ಮ್ಯೂಸಿಯಂಗೆ ಹೋಗಿ. ರಾಷ್ಟ್ರೀಯ ಟೆಲಿಫೋನ್ ಬೂತ್ ಸಂಗ್ರಹ ಇರುವುದು ಅಲ್ಲಿ. ಬೇರೆ ಬೇರೆ ಮಾದರಿಗಳನ್ನು ಒಟ್ಟಿಗೆ ಹೋಲಿಸಿ ನೋಡಬಹುದು.

ಹೆಜ್ಜೆ 8: ಕಾನೂನಿನ ರಕ್ಷಣೆ ಇದೆಯಾ ತಿಳಿಯಿರಿ

1980ರ ದಶಕದಲ್ಲಿ ಇವು ಹೆಚ್ಚುಕಡಿಮೆ ಮುಗಿದೇಹೋಗಿದ್ದವು. ಅಂಚೆ ಇಲಾಖೆಯಿಂದ ಟೆಲಿಫೋನ್ ವಹಿಸಿಕೊಂಡಿದ್ದ ಬ್ರಿಟಿಷ್ ಟೆಲಿಕಾಂ 1984ರಲ್ಲಿ ಖಾಸಗಿಯಾಯಿತು. ಮರುವರ್ಷವೇ ಹಳೆಯ ಬೂತ್‌ಗಳನ್ನು ತೆಗೆದು ಹೊಸ ಮಾದರಿ ಹಾಕುವುದಾಗಿ ಹೇಳಿತು. ಹಳೆಯವು ತಂಪು, ಬಾಗಿಲು ಭಾರ, ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಆ ಕಾರಣಗಳು ಸುಳ್ಳಲ್ಲ. ಆದರೂ ಜನ ಬಿಡಲಿಲ್ಲ. ಊರೂರಿನವರು, ಪರಂಪರೆ ಉಳಿಸುವ ಸಂಘಗಳು ಸೇರಿ ಹೋರಾಡಿದ ಮೇಲೆ ಸರಕಾರ ಬೂತ್‌ಗಳನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲು ಶುರು ಮಾಡಿತು. ಇವತ್ತು ಎರಡು ಸಾವಿರಕ್ಕೂ ಹೆಚ್ಚು ಬೂತ್‌ಗಳು ಆ ಪಟ್ಟಿಯಲ್ಲಿವೆ.

ನಿಮ್ಮ ಊರಿನದು ಇದೆಯಾ ಎಂದು ಹುಡುಕುವುದು ಸುಲಭ. ಇಂಗ್ಲೆಂಡಿನಲ್ಲಾದರೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿ, ವೇಲ್ಸ್‌ನಲ್ಲಿ ಕಾಡು (Cadw) ಎಂಬ ಸಂಸ್ಥೆ, ಸ್ಕಾಟ್ಲೆಂಡಿನಲ್ಲಿ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್. ಮೂರೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಪಟ್ಟಿಯಲ್ಲಿದ್ದರೆ ಅದರ ರೂಪ ಬದಲಿಸುವ ಯಾವುದೇ ಕೆಲಸಕ್ಕೂ ಮೊದಲು ಸ್ಥಳೀಯ ಕೌನ್ಸಿಲ್‌ನ ಅನುಮತಿ ಬೇಕು.

ಹೆಜ್ಜೆ 9: ದತ್ತು ತೆಗೆದುಕೊಳ್ಳುವುದು

ಬಳಕೆಯಲ್ಲಿಲ್ಲದ ಬೂತ್‌ಗಳನ್ನು ಬ್ರಿಟಿಷ್ ಟೆಲಿಕಾಂ 2008ರಿಂದ ಒಂದು ಪೌಂಡಿಗೆ ದತ್ತು ಕೊಡುತ್ತಿದೆ. ಸುಮ್ನೆ ಮನೆಯಂಗಳಕ್ಕೆ ಬೇಕು ಅಂದರೆ ಆಗುವುದಿಲ್ಲ. ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದ್ದು, ಇಲ್ಲವೇ ನೋಂದಾಯಿತ ಸೇವಾ ಸಂಸ್ಥೆ ಅರ್ಜಿ ಹಾಕಬೇಕು. ಫೋನ್ ತೆಗೆದುಕೊಂಡು ಹೋಗುತ್ತಾರೆ, ಬೂತ್ ಇದ್ದಲ್ಲೇ ಇರುತ್ತದೆ. ಮುಂದಿನ ಜವಾಬ್ದಾರಿ ಊರಿನದು. ಸಾವಿರಾರು ಬೂತ್‌ಗಳು ಹೀಗೆ ಉಳಿದಿವೆ.

ಏನು ಮಾಡಬೇಕು ಅನ್ನುವುದನ್ನು ಊರಿನ ಸಭೆಯಲ್ಲಿ ಮೊದಲೇ ತೀರ್ಮಾನಿಸಿ. ಸಾಮರ್‌ಸೆಟ್‌ನ ವೆಸ್ಟ್‌ಬರಿ ಸಬ್ ಮೆಂಡಿಪ್ ಎಂಬ ಹಳ್ಳಿಯವರು 2009ರಲ್ಲಿ ಪುಟ್ಟ ಗ್ರಂಥಾಲಯ ಮಾಡಿದರು. ಓದಿದ ಪುಸ್ತಕ ಇಡುವುದು, ಬೇಕಾದ್ದು ಒಯ್ಯುವುದು. ನನ್ನ ಅಭಿಪ್ರಾಯ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಉಪಯೋಗ ಡಿಫಿಬ್ರಿಲೇಟರ್. ಹೃದಯ ನಿಂತವರಿಗೆ ಶಾಕ್ ಕೊಡುವ ಯಂತ್ರ ಅದು. ಆಸ್ಪತ್ರೆ ದೂರ ಇರುವ ಹಳ್ಳಿಯಲ್ಲಿ ಕೆಂಪು ಬೂತ್ ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತು. ಆಪತ್ತಿಗೆ ಓಡುವ ಜಾಗ ಎಂಬ ಹಳೆಯ ಕೆಲಸ ಹಾಗೇ ಮುಂದುವರಿಯುತ್ತದೆ.

ಆದರೆ ನಿಮ್ಮ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲವಾದರೆ ಫೋನ್ ತೆಗೆಸುವ ಮುಂಚೆ ಯೋಚಿಸಿ. ಎಲ್ಲ ಕಂಪನಿಗಳ ಸಿಗ್ನಲ್ ಸಿಗದ ಕಡೆ, ಅಪಘಾತ ಜಾಸ್ತಿ ಆಗುವ ಕಡೆ ಇರುವ ಬೂತ್‌ಗಳ ಫೋನ್ ತೆಗೆಯದಂತೆ ಬ್ರಿಟನ್ನಿನ ಟೆಲಿಕಾಂ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2022ರಲ್ಲಿ ನಿಯಮ ಮಾಡಿದೆ.

ಹೆಜ್ಜೆ 10: ಬಣ್ಣ

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದ ಹಾಕಿ ತಿಕ್ಕಲೇಬೇಡಿ, ಆ ಧೂಳು ವಿಷ. ಅಂಗಡಿಯಲ್ಲಿ ಸಿಗುವ ಸೀಸ ಪರೀಕ್ಷೆಯ ಕಿಟ್ ಮೊದಲು ತನ್ನಿ. ಸೀಸ ಇದೆ ಅಂತಾದರೆ ಬಣ್ಣ ಕರಗಿಸುವ ದ್ರಾವಣ ಹಚ್ಚಿ ಒದ್ದೆಯಾಗಿಯೇ ಕೆರೆಯಿರಿ. ಮಾಸ್ಕ್, ಗ್ಲೌಸ್ ಇರಲಿ. ಕೆರೆದದ್ದನ್ನು ನೆಲಕ್ಕೆ ಬೀಳಲು ಬಿಡದೆ ಶೀಟ್ ಹಾಸಿ ಹಿಡಿಯಿರಿ.

ಕಿರೀಟದ ಹತ್ತಿರ ಅವಸರ ಬೇಡ. ದಶಕಗಳ ಬಣ್ಣ ಪದರ ಪದರವಾಗಿ ಕೂತಿರುತ್ತದೆ. ಲೋಹದ ಬ್ರಷ್ ಜೋರಾಗಿ ಆಡಿಸಬೇಡಿ. ಮರದ ಕಡ್ಡಿಯಲ್ಲಿ ಮೆಲ್ಲಗೆ ಬಿಡಿಸಿದರೆ ಕಮಾನಿನ ತಗ್ಗು, ಸಣ್ಣ ಮಣಿಗಳು ಒಂದೊಂದೇ ಮೇಲೆ ಬರುತ್ತವೆ. ಈ ಕೆಲಸಕ್ಕೆ ಇಡೀ ಒಂದು ದಿನ ಹೋದರೂ ಹೋಗಲಿ.

ಕಬ್ಬಿಣ ಒಣಗಿದ ದಿನವೇ ತುಕ್ಕು ತಡೆಯುವ ಪ್ರೈಮರ್ ಹೊಡೆಯಿರಿ. ಬ್ರಿಟನ್ನಿನ ತೇವದಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ಪುಡಿ ಕಾಣುತ್ತದೆ. ಆಮೇಲೆ ಅಂಡರ್‌ಕೋಟ್, ಅದರ ಮೇಲೆ ಹೊಳಪಿನ (gloss) ಪೇಂಟ್.

ಯಾವ ಕೆಂಪು? ಬ್ರಿಟಿಷ್ ಸ್ಟ್ಯಾಂಡರ್ಡ್ 381ಸಿ ಪಟ್ಟಿಯಲ್ಲಿ ಎರಡಿವೆ. 539 ನಂಬರಿನ ಕರಂಟ್ ರೆಡ್ ಈಗ ಎಲ್ಲೆಡೆ ಕಾಣುವುದು. ಅದು 1968ರಲ್ಲಿ ಕೆ8 ಜೊತೆ ಬಂದದ್ದು, ಹಿಂದಿನದಕ್ಕಿಂತ ಸ್ವಲ್ಪ ಹೊಳಪು ಜಾಸ್ತಿ. ಅದಕ್ಕೂ ಹಿಂದೆ ಇದ್ದದ್ದು 538. ಬೂತ್ ಹಳೆಯದಾದರೆ, ಹಳೆಯ ಬಣ್ಣವೇ ಬೇಕು ಅಂದರೆ 538 ಕೇಳಿ ತನ್ನಿ. ನಾನಾದರೆ ಅದನ್ನೇ ಹಚ್ಚುತ್ತೇನೆ. ಎರಡನೇ ಹೆಜ್ಜೆಯಲ್ಲಿ ಕಿರೀಟ ನೋಡಿ ಕಾಲ ತಿಳಿದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ತೇಗದ ಬಾಗಿಲನ್ನು ಕೊನೆಗೆ ಮುಗಿಸಿ. ಕೆಳಗಿನ ಅಂಚಿಗೆ ಬಣ್ಣ ಹಚ್ಚುವುದನ್ನು ಮರೆಯುವವರೇ ಜಾಸ್ತಿ, ನೀರು ಹೀರುವುದೂ ಅಲ್ಲಿಂದಲೇ. ಬಾಗಿಲು ಗಾಳಿಗೆ ಹಿಂದಕ್ಕೆ ಬಡಿಯದಂತೆ ಒಳಗೆ ಒಂದು ಚರ್ಮದ ಪಟ್ಟಿ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ ಬದಲಿಸಿ. ಪಟ್ಟಿ ಕಿತ್ತುಹೋದರೆ ಅಷ್ಟು ಭಾರದ ಬಾಗಿಲು ಒಂದೇ ಬಿರುಗಾಳಿಗೆ ತಿರುಗಣಿ ಸಮೇತ ಎದ್ದು ಬರುತ್ತದೆ.